ತಿರುಗಿ ನಿಂತ 3

ಐದು ವರ್ಷದ ಹುಡುಗಿ 1ರಿಂದ 10 ಬರೆದು ತಂದಳು. 3, 7, 9 ಮೂರೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ನಾನು ಕೆಂಪು ಪೆನ್ನಿನಲ್ಲಿ ಮೂರಕ್ಕೂ ಸುತ್ತು ಹಾಕಿದೆ. ಮರುದಿನ ಅವಳು ಅಷ್ಟು ದಿನ ಸರಿಯಾಗಿ ಬರೆಯುತ್ತಿದ್ದ 4, 6ನ್ನೂ ತಿರುಗಿಸಿಕೊಂಡು ಬಂದಳು.

ನಾನು ಚಿಕ್ಕ ಮಕ್ಕಳಿಗೆ ಕಲಿಸಲು ಶುರು ಮಾಡಿದ ಮೊದಲ ವರ್ಷ ಅದು. ಗಾಬರಿಯಾಗಿ ಅವಳ ತಾಯಿಯನ್ನು ಕರೆದು, 'ಒಮ್ಮೆ ಯಾರಿಗಾದರೂ ತೋರಿಸಿ' ಅಂದುಬಿಟ್ಟೆ. ಪಾಪ, ಅವರು ಎಷ್ಟು ದಿನ ನಿದ್ದೆಗೆಟ್ಟರೋ! ಹುಡುಗಿ ಆರು ತಿಂಗಳಲ್ಲಿ ತಾನಾಗಿಯೇ ಸರಿಹೋದಳು. ಏಳು ವರ್ಷದವರೆಗೂ ಇದು ಸಾಮಾನ್ಯ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ. ನಾಯಿ ಯಾವ ಕಡೆ ಮುಖ ಮಾಡಿದರೂ ನಾಯಿಯೇ. ಮಗುವಿನ ಮಿದುಳು ಮೊದಲಿನಿಂದ ನಂಬಿಕೊಂಡು ಬಂದದ್ದು ಇದನ್ನೇ. ಈಗ ನಾವು ಹೋಗಿ, ಹೊಟ್ಟೆ ಬಲಕ್ಕಿದ್ದರೆ ಸ್ಮಾಲ್ ಬಿ, ಎಡಕ್ಕಿದ್ದರೆ ಸ್ಮಾಲ್ ಡಿ ಅನ್ನುತ್ತೇವೆ. ವಿಚಿತ್ರ ನಿಯಮ ಅಲ್ವಾ?

ಒಮ್ಮೆ ಹಳೆಯ ನೋಟ್‌ಬುಕ್‌ಗಳನ್ನೆಲ್ಲ ಹರಡಿಕೊಂಡು ಕೂತೆ. ಜಾಸ್ತಿ ತಿರುಗಿದ್ದು 2, 3, 7, 9, ಜೆ ಮತ್ತು ಝಡ್. ದೊಡ್ಡ ಬಿ, ಇ, ಎಫ್, ಕೆ, ಪಿ, ಆರ್ ನೋಡಿ. ನಿಂತ ಗೆರೆ ಎಡಕ್ಕೆ, ಉಳಿದದ್ದೆಲ್ಲ ಬಲಕ್ಕೆ. ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಗಮನಿಸಿ, ಎಲ್ಲವೂ ಬಲಕ್ಕೇ ಮುಖ ಮಾಡಬೇಕು ಅಂದುಕೊಂಡಿರುತ್ತಾರೆ. 3 ಎಡಕ್ಕೆ ಬಾಯಿ ತೆರೆದು ನಿಂತಿರುತ್ತದೆ. ಅದನ್ನು ಅವರು 'ಸರಿ' ಮಾಡುತ್ತಾರೆ! ಸಂಶೋಧಕರೂ ಇದನ್ನು ಗುರುತಿಸಿದ್ದಾರೆ ಅಂತ ಆಮೇಲೆ ಓದಿ ಖುಷಿಪಟ್ಟೆ.

ಅಲ್ಲಿಂದ ಕೆಂಪು ಪೆನ್ನು ಬಿಟ್ಟೆ. 'ನೋಡಿಕೊಂಡು ಬರಿ' ಅನ್ನುವುದನ್ನೂ ಬಿಟ್ಟೆ. ಕೈ ಎಲ್ಲಿಂದ ಹೊರಡಬೇಕು, ಯಾವ ಕಡೆ ಹೋಗಬೇಕು ಅನ್ನುವುದನ್ನು ಹಿಡಿದುಕೊಂಡೆ. ಸ್ಮಾಲ್ ಡಿ ಬರೆಯಲು ಮೊದಲು ಸಿ ಬರೆದು, ಮೇಲೆ ಹೋಗಿ ಕೆಳಗೆ ಇಳಿಯಬೇಕು. ಸ್ಮಾಲ್ ಬಿಗೆ ಮೊದಲು ಉದ್ದ ಗೆರೆ, ಆಮೇಲೆ ಹೊಟ್ಟೆ. ಕಣ್ಣಿಗೆ ಒಂದೇ ತರಹ ಕಂಡರೂ ಕೈಗೆ ಎರಡೂ ಬೇರೆ. ಗಾಳಿಯಲ್ಲಿ ಇಡೀ ತೋಳು ಬೀಸಿ ಬರೆಸಿದೆ, ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸಿದೆ, ಕಣ್ಣು ಮುಚ್ಚಿಯೂ ಬರೆಸಿದೆ.

ಇಲ್ಲೂ ಒಂದು ಎಡವಟ್ಟು ಮಾಡಿದ್ದೆ. ಮಕ್ಕಳಿಗೆ ಎದುರಾಗಿ ನಿಂತು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದೆ. ಅವರ ಕಡೆಯಿಂದ ನನ್ನ ಅಕ್ಷರವೇ ಉಲ್ಟಾ! ಎರಡು ವಾರ ಅದು ಹೊಳೆಯಲೇ ಇಲ್ಲ. ಈಗ ಅವರಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಬಿ, ಡಿ ಜೊತೆಜೊತೆಗೆ ಕಲಿಸುವುದನ್ನೂ ನಿಲ್ಲಿಸಿದೆ. ಒಂದು ಅಕ್ಷರ ಕೈಗೆ ಕೂತ ಮೇಲೆಯೇ, ಕೆಲವು ವಾರ ಬಿಟ್ಟು, ಇನ್ನೊಂದು. ಎರಡು ಮುಷ್ಟಿ ಎದುರುಬದುರು ಹಿಡಿದು ಹೆಬ್ಬೆರಳು ಎತ್ತಿ, ಎಡಗೈ ಬಿ, ಬಲಗೈ ಡಿ ಅಂತ 'ಬೆಡ್' (bed) ಮಾಡಿ ತೋರಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ಆ ಪದದ ಸ್ಪೆಲ್ಲಿಂಗ್ ಗೊತ್ತಿರುವ ಮಗುವಿಗಷ್ಟೇ ಅದು ಉಪಯೋಗ.

ಒಬ್ಬ ಹುಡುಗ ಇಡೀ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುತ್ತಿದ್ದ. ನೋಡಿದರೆ, ಅವನು ಶುರು ಮಾಡುತ್ತಿದ್ದದ್ದು ಹಾಳೆಯ ಬಲತುದಿಯಿಂದ. ಬಲಕ್ಕೆ ಜಾಗವಿಲ್ಲ, ಕೈ ಎಡಕ್ಕೆ ಹೋಗುತ್ತಿತ್ತು. ಎಡತುದಿಯಲ್ಲಿ ಒಂದು ಹಸಿರು ಚುಕ್ಕಿ ಇಟ್ಟೆ. ಅಷ್ಟೇ ಸಾಕಾಯಿತು.

ಏಳೆಂಟು ವರ್ಷ ದಾಟಿದ ಮೇಲೂ ಪದೇ ಪದೇ ತಿರುಗಿಸುತ್ತಿದ್ದರೆ ಓದುವುದನ್ನೂ ಗಮನಿಸುತ್ತೇನೆ. ಓದು-ಬರಹ ಕಲಿಯಲು ತೊಡಕಾಗುವ ಡಿಸ್ಲೆಕ್ಸಿಯಾ ಅಂದರೆ ಅಕ್ಷರ ಉಲ್ಟಾ ಕಾಣುವುದು ಅಂತ ನಾನೂ ನಂಬಿದ್ದೆ. ಹೆಚ್ಚಾಗಿ ಅದರ ಬೇರು ಇರುವುದು ಪದದೊಳಗಿನ ಶಬ್ದಗಳನ್ನು ಬಿಡಿಸಿಕೊಳ್ಳುವುದರಲ್ಲಿ. ನಾನು ಈವರೆಗೆ ತಜ್ಞರ ಹತ್ತಿರ ಕಳಿಸಿದ್ದು ಒಬ್ಬನನ್ನು. ಪದದ ಮೊದಲ ಶಬ್ದ ಯಾವುದು ಅಂತ ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವನ 3, 7, 9 ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು.