ಸೋತ ರ‍್ಯಾಲಿಗಳ ಲೆಕ್ಕ ನೋಡಿ ಪ್ಯಾಡಲ್ ಆರಿಸಿದೆ

ಪಿಕಲ್‌ಬಾಲ್ (ತೂತಿನ ಪ್ಲಾಸ್ಟಿಕ್ ಚೆಂಡಿನ ಆಟ) ಟೂರ್ನಮೆಂಟಿಗೆ ಹೆಸರು ಕೊಟ್ಟ ದಿನ ನನ್ನ ಹತ್ತಿರ ಇದ್ದದ್ದು ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ಸೆಟ್ಟಿನ ಪ್ಯಾಡಲ್, ಅಂದರೆ ಆ ಆಟದ ಬ್ಯಾಟ್. ಎರಡು ಪ್ಯಾಡಲ್, ನಾಲ್ಕು ಬಾಲ್, ಒಂದು ಚೀಲ, ಅಷ್ಟೇ ಆ ಸೆಟ್. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಶಟಲ್ ಹಾಲ್‌ನಲ್ಲಿ ಸಂಜೆ ಆಡುವುದಕ್ಕೆ ಅದು ಸಾಕಾಗಿತ್ತು. ಶಟಲ್ ಡಬಲ್ಸ್ ಕೋರ್ಟೂ ಪಿಕಲ್‌ಬಾಲ್ ಕೋರ್ಟೂ ಒಂದೇ ಅಳತೆ ಅಲ್ವಾ, 20 ಅಡಿ ಅಗಲ, 44 ಅಡಿ ಉದ್ದ. ಶಟಲ್‌ನ ಮುಂದಿನ ಗೆರೆ ನೆಟ್‌ನಿಂದ ಆರೂವರೆ ಅಡಿಗೆ ಇರುತ್ತದೆ, ನಮ್ಮ ಕಿಚನ್ (ನೆಟ್‌ಗೆ ತಾಗಿದ ಪಟ್ಟಿ) ಗೆರೆ ಏಳು ಅಡಿಗೆ. ಹಾಗಾಗಿ ಅರ್ಧ ಅಡಿ ಹಿಂದಕ್ಕೆ ನೀಲಿ ಟೇಪ್ ಅಂಟಿಸಿ, ನೆಟ್ ಇಳಿಸಿ ಆಡುತ್ತಿದ್ದೆವು.

ಈ ಸಲ ಆಡಬೇಕಿದ್ದದ್ದು ಬೆಂಗಳೂರಿನಲ್ಲಿ, ಬಯಲು ಕೋರ್ಟಿನಲ್ಲಿ, ನಲವತ್ತು ದಾಟಿದ ಹೆಂಗಸರ ಡಬಲ್ಸ್. ಕೈಯಲ್ಲಿ ಒಂಬತ್ತು ವಾರ ಇತ್ತು. ಪ್ಯಾಡಲ್ ಬದಲಾಯಿಸಲೇಬೇಕು ಅಂತ ಗೊತ್ತಿತ್ತು. ಯಾವುದು ತಗೊಳ್ಳಬೇಕು ಅಂತ ಗೊತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವಳು. ಹಳದಿ ಉಲ್ಲನ್ ಚೆಂಡು, ಕಡೆಗೆ ಐದು ಜನ, ಮಣ್ಣಿನ ಅಂಗಳ. ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಬೇಕು, ಅದಕ್ಕೆ ಮಣಿಕಟ್ಟು ಚುರುಕಾಗಿರಬೇಕು. ಆ ಕೈ ಇವತ್ತಿಗೂ ಹೋಗಿಲ್ಲ. ಪಿಕಲ್‌ಬಾಲ್‌ಗೆ ಬಂದಾಗ ನೇರವಾಗಿ ಜೋರಾಗಿ ಹೊಡೆಯುವ ಡ್ರೈವ್, ಸ್ಮ್ಯಾಶ್ ಎಲ್ಲಾ ಬೇಗ ಕೂತವು. ಹಾಗಾಗಿ ನನ್ನ ಮನಸ್ಸು ಮೊದಲು ಹೋದದ್ದು ಜೋರಾಗಿ ಹೊಡೆಯುವ ಪ್ಯಾಡಲ್ ಕಡೆಗೇ. ಹಾಲ್‌ನಲ್ಲಿ ಆಡುವ ಒಬ್ಬರು ತಮ್ಮ ಹೊಸ ಪ್ಯಾಡಲ್ ಕೊಟ್ಟರು. ಉದ್ದನೆಯದು, 14 ಮಿ.ಮೀ. ದಪ್ಪ, ಸುತ್ತ ಅಂಚಿಗೆ ಫೋಮ್ ತುಂಬಿ ಶಾಖದಲ್ಲಿ ಒತ್ತಿ ಮಾಡಿದ್ದು. ಒಂದು ಡ್ರೈವ್ ಹೊಡೆದೆ, ಎದುರಿನವರು ಪ್ಯಾಡಲ್ ಎತ್ತುವಷ್ಟರಲ್ಲಿ ಚೆಂಡು ಹಿಂದೆ ಹೋಗಿತ್ತು. ಅವತ್ತೇ ಆರ್ಡರ್ ಮಾಡಿಬಿಡೋಣ ಅನ್ನಿಸಿತು.

ತಡೆದದ್ದು ನನ್ನ ಡಬಲ್ಸ್ ಜೊತೆಗಾತಿ. "ನೀನು ಗೆಲ್ಲೋ ಹೊಡೆತಕ್ಕೆ ಪ್ಯಾಡಲ್ ತಗೋತಿದ್ದೀಯ. ಸೋಲೋದು ಎಲ್ಲಿ ಅಂತ ನೋಡಿದ್ದೀಯಾ?" ಅಂದಳು.

ನೋಡಿರಲಿಲ್ಲ. ಆ ವಾರ ಮಗಳನ್ನು ಬೆಂಚಿನ ಮೇಲೆ ಕೂರಿಸಿದೆ. ಅವಳ ರಫ್ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿಕೊಟ್ಟೆ. ಪಾಯಿಂಟ್ ಎಣಿಸಬೇಡ, ರ‍್ಯಾಲಿ (ಸರ್ವ್‌ನಿಂದ ಚೆಂಡು ನಿಲ್ಲುವ ತನಕದ ಆಟ) ಎಣಿಸು ಅಂದೆ. ಯಾಕೆಂದರೆ ನಮ್ಮ ಡಬಲ್ಸ್ ಲೆಕ್ಕದಲ್ಲಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್, ಬರೀ ಸ್ಕೋರ್ ನೋಡಿದರೆ ಅರ್ಧ ತಪ್ಪುಗಳು ಕಾಣುವುದೇ ಇಲ್ಲ. ಆರು ಗೇಮ್‌ನಲ್ಲಿ ನನ್ನ ಕೈಯಿಂದ ಹೋದ ರ‍್ಯಾಲಿ 31. ಅದರಲ್ಲಿ 17 ಕಿಚನ್ ಗೆರೆ ಹತ್ತಿರ: ನಾನು ಮೆತ್ತಗೆ ಹಾಕಬೇಕಾದ ಚೆಂಡು ಮೇಲೆದ್ದು, ಎದುರಿನವರು ಕೆಳಗೆ ಬಡಿದದ್ದು. 6 ಸಲ ಮೂರನೇ ಹೊಡೆತದ ಡ್ರಾಪ್ (ಹಿಂದಿನಿಂದ ಎದುರಿನವರ ಕಿಚನ್‌ಗೆ ಮೆತ್ತಗೆ ಬೀಳಿಸುವ ಚೆಂಡು) ನೆಟ್‌ಗೆ. 5 ಸಲ ಚೆಂಡು ಪ್ಯಾಡಲ್ ಅಂಚಿಗೆ ತಗಲಿ ಹೊರಗೆ. ಒಂದು ಸರ್ವ್ ತಪ್ಪು. ಹೊಡೆತಕ್ಕೆ ಜೋರು ಸಾಲದೆ ಸೋತದ್ದು ಎರಡೇ ಎರಡು.

ಆ ಪುಟ ನೋಡಿದ ಮೇಲೆ ಜೋರಿನ ಮಾತು ಅಲ್ಲಿಗೇ ಮುಗಿಯಿತು. ನನಗೆ ಬೇಕಾಗಿದ್ದದ್ದು ನನ್ನ ಮಣಿಕಟ್ಟಿನ ಚುರುಕನ್ನು ಸ್ವಲ್ಪ ನುಂಗಿಕೊಳ್ಳುವ ಪ್ಯಾಡಲ್.

ಹಾಗೆ ನುಂಗುವುದು ಯಾವುದು ಅಂತ ತಿಳಿಯಲು ನಮ್ಮ ಹಳೇ ಸೆಟ್ಟಿನ ಇನ್ನೊಂದು ಪ್ಯಾಡಲ್ ಸಹಾಯಕ್ಕೆ ಬಂತು. ಅದರ ಅಂಚಿನ ಪ್ಲಾಸ್ಟಿಕ್ ಪಟ್ಟಿ ಕಿತ್ತುಹೋಗಿತ್ತು. ಒಂದು ಮೂಲೆ ಬಿರುಕು ಬಿಟ್ಟಿತ್ತು. ಅಡುಗೆಮನೆ ಚಾಕುವಿನಿಂದ ಮೇಲಿನ ಹಾಳೆ ಸ್ವಲ್ಪ ಎಬ್ಬಿಸಿ ನೋಡಿದೆ. ಒಳಗೆ ಅಚ್ಚುಕಟ್ಟಾದ ಜೇನುಗೂಡು. ಆರು ಮೂಲೆಯ ಪುಟ್ಟ ಪುಟ್ಟ ಕೋಣೆಗಳು, ಹಾಲಿನ ಬಣ್ಣದ ಪಾಲಿಪ್ರೊಪಿಲಿನ್ ಗೋಡೆಗಳು. ಹೆಬ್ಬೆರಳಿನಿಂದ ಒತ್ತಿದರೆ ಒಂದಿಷ್ಟು ಒಳಗೆ ಹೋಗಿ ವಾಪಸ್ ಬರುತ್ತದೆ. ಚೆಂಡು ಬಿದ್ದಾಗ ಆಗುವುದೂ ಇದೇ. ಆ ಕೋಣೆಗಳು ಆಳ ಇದ್ದಷ್ಟೂ ಹೊಡೆತದ ಏಟು ಒಳಗೇ ಇಂಗುತ್ತದೆ, ಚೆಂಡು ಮೆತ್ತಗೆ ಹೊರಡುತ್ತದೆ. ತೆಳುವಾದರೆ ಚಿಮ್ಮುತ್ತದೆ. ಅದಕ್ಕೇ 16 ಮಿ.ಮೀ. ಪ್ಯಾಡಲ್ ಅಂದರೆ ಚೆಂಡಿನ ಮೇಲೆ ಹಿಡಿತ, 13–14 ಮಿ.ಮೀ. ಅಂದರೆ ಜೋರು ಅಂತ ಆಡುವವರು ಹೇಳುವುದು.

ಈ ಜೇನುಗೂಡಿನ ಕಥೆ ನನಗೆ ತುಂಬಾ ಇಷ್ಟ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಶುರುವಾದಾಗ ಮೊದಲು ಹಿಡಿದದ್ದು ಟೇಬಲ್ ಟೆನಿಸ್ ಬ್ಯಾಟ್, ಆಮೇಲೆ ಪ್ಲೈವುಡ್ ಕೊಯ್ದು ಮಾಡಿದ ಹಲಗೆ. 1984ರಲ್ಲಿ ಬೋಯಿಂಗ್‌ನ ಎಂಜಿನಿಯರ್ ಆರ್ಲೆನ್ ಪರಾಂಟೊ ವಿಮಾನದ ನೆಲಕ್ಕೆ ಹಾಸುವ ಜೇನುಗೂಡು ಹಲಗೆಯಿಂದ ಪ್ಯಾಡಲ್ ಮಾಡಿದರು. ಹಗುರ ಇರಬೇಕು, ಬಾಗಬಾರದು ಅನ್ನುವುದು ವಿಮಾನಕ್ಕೂ ಬೇಕು, ನಮ್ಮ ಕೈಗೂ ಬೇಕು. ನನ್ನ ಮುರಿದ ಪ್ಯಾಡಲ್ ಒಳಗೆ ಇದ್ದದ್ದೂ ಅದೇ ಉಪಾಯ.

ಮುಂದಿನ ಎರಡು ವಾರ ಪ್ಯಾಡಲ್ ಸಾಲ ತಗೊಂಡೆ. ಗೇಮ್ ಆಡಿ ನೋಡುವುದರಿಂದ ಏನೂ ತಿಳಿಯುವುದಿಲ್ಲ ಅನ್ನುವುದು ನನ್ನ ಅನುಭವ. ಗೆದ್ದರೆ ಪ್ಯಾಡಲ್ ಚೆನ್ನಾಗಿದೆ ಅನ್ನಿಸುತ್ತದೆ, ಸೋತರೆ ಸರಿಯಿಲ್ಲ ಅನ್ನಿಸುತ್ತದೆ. ಅದಕ್ಕೆ ಒಂದೇ ಪರೀಕ್ಷೆ ಇಟ್ಟುಕೊಂಡೆ. ನಾನು ಕೋರ್ಟಿನ ಹಿಂದಿನ ಗೆರೆ ಬೇಸ್‌ಲೈನ್‌ನಲ್ಲಿ ನಿಲ್ಲುವುದು, ಅಂದರೆ ನೆಟ್‌ನಿಂದ 22 ಅಡಿ. ಜೊತೆಗಾತಿ ಆ ಕಡೆಯಿಂದ ಆಳವಾಗಿ ಚೆಂಡು ಕೊಡುವುದು. ನಾನು 20 ಡ್ರಾಪ್ ಹಾಕುವುದು. ಕಿಚನ್ ಒಳಗೆ ಬಿದ್ದದ್ದು ಮಾತ್ರ ಲೆಕ್ಕ. ಚೆಂಡೂ ಬದಲಾಯಿಸಿದೆವು. ಹಾಲ್‌ನಲ್ಲಿ ನಾವು ಆಡುತ್ತಿದ್ದದ್ದು 26 ತೂತಿನ ಒಳಾಂಗಣದ ಬಾಲ್. ಟೂರ್ನಮೆಂಟಿಗೆ 40 ತೂತಿನದು. ಅದು ಗಟ್ಟಿ, ಪ್ಯಾಡಲ್‌ನಿಂದ ಬೇಗ ಹೊರಡುತ್ತದೆ. ಮೆತ್ತನೆ ಬಾಲ್‌ನಲ್ಲಿ ಚೆನ್ನಾಗಿ ಕಂಡ ಪ್ಯಾಡಲ್ ಗಟ್ಟಿ ಬಾಲ್‌ನಲ್ಲಿ ಬೇರೆಯೇ ಆಗಿಬಿಡುತ್ತದೆ. ಇದನ್ನು ಮೊದಲೇ ಮಾಡಿದ್ದು ಬಹಳ ಒಳ್ಳೆಯದಾಯಿತು.

ಹಳೇ ಪ್ಯಾಡಲ್‌ನಲ್ಲಿ 20ಕ್ಕೆ 9 ಬಿದ್ದವು. ನನಗೆ ಅಷ್ಟು ಇಷ್ಟವಾಗಿದ್ದ ಉದ್ದನೆಯ 14 ಮಿ.ಮೀ.ನಲ್ಲಿ 7. ಅಗಲ ಮುಖದ 16 ಮಿ.ಮೀ.ನಲ್ಲಿ 13. ಮಾರನೆಯ ದಿನ ಒಂದೂವರೆ ಗಂಟೆ ಆಡಿ, ಕೈ ದಣಿದ ಮೇಲೆ ಮತ್ತೆ ಹಾಕಿದೆ. ಹಳೇದು 8, ಉದ್ದನೆಯದು 4, ದಪ್ಪದ್ದು 12. ಟೂರ್ನಮೆಂಟಿನ ಮೂರನೇ ಮ್ಯಾಚ್‌ನಲ್ಲಿ ನನ್ನ ಕೈ ಹೇಗಿರುತ್ತದೆ ಅನ್ನುವುದು ಈ ಎರಡನೇ ದಿನದ ಲೆಕ್ಕದಲ್ಲೇ ಇತ್ತು.

ಉದ್ದನೆಯದು ದಣಿದ ಕೈಗೆ ಯಾಕೆ ಅಷ್ಟು ಕಷ್ಟ ಆಯಿತು ಅಂತ ಮನೆಗೆ ತಂದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 229 ಗ್ರಾಂ. ದಪ್ಪದ್ದು 224. ಐದೇ ಗ್ರಾಂ ವ್ಯತ್ಯಾಸ. ಆದರೆ ಬೀಸಿದರೆ ಉದ್ದನೆಯದು ಎಷ್ಟೋ ಭಾರ. ಪೊರಕೆಯನ್ನು ತುದಿಯಲ್ಲಿ ಹಿಡಿದು ಎತ್ತುವುದಕ್ಕೂ ನಡುವೆ ಹಿಡಿದು ಎತ್ತುವುದಕ್ಕೂ ಇರುವ ವ್ಯತ್ಯಾಸ ಇದೇ. ತೂಕ ಕೈಯಿಂದ ದೂರ ಇದ್ದಷ್ಟೂ ಬೀಸು ಭಾರ. ಉದ್ದ ಹೆಚ್ಚಿದರೆ ಅಗಲವೂ ಕಮ್ಮಿಯಾಗುತ್ತದೆ, ಯಾಕೆಂದರೆ ನಿಯಮದ ಪ್ರಕಾರ ಉದ್ದ ಅಗಲ ಕೂಡಿ 24 ಇಂಚು ಮೀರುವ ಹಾಗಿಲ್ಲ, ಉದ್ದ 17 ಇಂಚು ದಾಟುವ ಹಾಗಿಲ್ಲ. 16 ಇಂಚು ಉದ್ದಕ್ಕೆ 8 ಇಂಚು ಅಗಲ ಸಿಗುತ್ತದೆ. ಹದಿನಾರೂವರೆ ಆದರೆ ಏಳೂವರೆ. ಅಂಚಿಗೆ ತಗಲಿ ಹೋದ ನನ್ನ ಆ 5 ರ‍್ಯಾಲಿಗಳಿಗೆ ಈ ಅರ್ಧ ಇಂಚು ದೊಡ್ಡದು.

ಹಿಡಿಕೆ ವಿಷಯದಲ್ಲಿ ಜಾಸ್ತಿ ಯೋಚಿಸಬೇಕಾಗಲಿಲ್ಲ. ಪ್ಯಾಡಲ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ನನ್ನದು ಚಿಕ್ಕ ಕೈ, ನಾಲ್ಕೂಕಾಲು ಇಂಚು ಸುತ್ತಳತೆಯ ಹಿಡಿಕೆ ದಪ್ಪ ಅನ್ನಿಸಿತು. ಸ್ವಲ್ಪ ಸಣ್ಣದು ತಗೊಂಡು ಮೇಲೆ ಒಂದು ಓವರ್‌ಗ್ರಿಪ್ ಪಟ್ಟಿ ಸುತ್ತಿದೆ. ಸಣ್ಣದನ್ನು ದಪ್ಪ ಮಾಡಬಹುದು, ದಪ್ಪದ್ದನ್ನು ಸಣ್ಣ ಮಾಡುವುದು ಕಷ್ಟ. ಎರಡು ಕೈ ಬ್ಯಾಕ್‌ಹ್ಯಾಂಡ್ ಆಡುವವರಾದರೆ ಹಿಡಿಕೆ ಉದ್ದ ಬೇಕಾಗುತ್ತದೆ. ನಾನು ಆಡುವುದಿಲ್ಲ.

ಪ್ಯಾಡಲ್‌ನ ಮುಖ (ಚೆಂಡು ತಗಲುವ ಹಾಳೆ) ಯಾವುದು ಅನ್ನುವುದರ ಬಗ್ಗೆ ಎಲ್ಲರೂ ಬಹಳ ಮಾತಾಡುತ್ತಾರೆ. ಫೈಬರ್‌ಗ್ಲಾಸ್ ಚಿಮ್ಮಿಸುತ್ತದೆ, ಒರಟು ಕಾರ್ಬನ್ ಚೆಂಡನ್ನು ಹಿಡಿದು ತಿರುಗಿಸುತ್ತದೆ. ನಾನು ಕಾರ್ಬನ್ ತಗೊಂಡೆ. ಆ ಒರಟುತನ ಆಡಿದ ಹಾಗೆ ಸವೆಯುತ್ತದೆ ಅನ್ನುವುದು ನೆನಪಿರಲಿ. ಚೆಂಡಿನ ಪ್ಲಾಸ್ಟಿಕ್ ಪುಡಿಯೂ ಅದರ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ರಬ್ಬರ್ ತುಂಡಿನಿಂದ ಉಜ್ಜಿದರೆ ಹೋಗುತ್ತದೆ. ಉಪ್ಪುಕಾಗದ ಹಾಕಿ ಒರಟು ಮಾಡಬೇಡಿ, ಅದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ.

ಕೊಳ್ಳುವಾಗ ಒಂದು ಸಲ ಎಡವುವುದರಲ್ಲಿದ್ದೆ. ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ 16 ಮಿ.ಮೀ. ಕಾರ್ಬನ್ ಪ್ಯಾಡಲ್ ತೋರಿಸಿದರು. ಮುಖದ ಮೇಲೆ 'ಯುಎಸ್‌ಎ ಪಿಕಲ್‌ಬಾಲ್ ಅಪ್ರೂವ್ಡ್' ಮುದ್ರೆಯೂ ಇತ್ತು. ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ಫೋನ್‌ನಲ್ಲಿ ಆ ಅಮೆರಿಕದ ಸಂಸ್ಥೆಯ ಒಪ್ಪಿಗೆಯ ಪಟ್ಟಿ ತೆಗೆದು ಹುಡುಕಿದೆ. ಆ ಹೆಸರಿನ ಮಾಡೆಲ್ ಪಟ್ಟಿಯಲ್ಲಿ ಇರಲೇ ಇಲ್ಲ. ನಾವು ಹೆಸರು ಕೊಟ್ಟಿದ್ದ ಟೂರ್ನಮೆಂಟಿನವರು ಆ ಪಟ್ಟಿಯ ಪ್ಯಾಡಲ್ ಮಾತ್ರ ಅಂತ ಸ್ಪಷ್ಟವಾಗಿ ಬರೆದಿದ್ದರು. ಅಪ್ಪಿ ತಪ್ಪಿ ಅದನ್ನೇ ತಗೊಂಡಿದ್ದರೆ ನನ್ನ ಜೊತೆ ಜೊತೆಗಾತಿಯ ಒಂಬತ್ತು ವಾರವೂ ಹೋಗುತ್ತಿತ್ತು. ಮುದ್ರೆ ನಂಬಬೇಡಿ. ಪಟ್ಟಿಯಲ್ಲಿ ಪೂರ್ತಿ ಮಾಡೆಲ್ ಹೆಸರು, ದಪ್ಪದ ಸಮೇತ, ನೋಡಿಯೇ ತಗೊಳ್ಳಿ.

ಐದು ವಾರ ಉಳಿದಿರುವಾಗ ನನ್ನ ಪ್ಯಾಡಲ್ ಬಂತು. ಮೊದಲ ವಾರ ಆಟ ಕೆಟ್ಟಿತು. ಮೇಲೇಳುತ್ತಿದ್ದ ಚೆಂಡು ಈಗ ನೆಟ್‌ಗೆ ಬೀಳತೊಡಗಿತು. ಹಳೇ ಪ್ಯಾಡಲ್ ತಾನೇ ಕೊಡುತ್ತಿದ್ದ ವೇಗವನ್ನು ಇದು ಕೊಡುವುದಿಲ್ಲ, ನನ್ನ ಭುಜದಿಂದ ಕೊಡಬೇಕು. ಇದನ್ನು ಕೈಗೆ ಕಲಿಸಲು ದಿನಾ ಅರ್ಧ ಗಂಟೆ ಬರೀ ಡಿಂಕ್ (ಕಿಚನ್‌ನಿಂದ ಕಿಚನ್‌ಗೆ ಮೆತ್ತನೆಯ ಹೊಡೆತ) ಆಡಿದೆವು. ಎದುರುಬದುರು, ಆಮೇಲೆ ಮೂಲೆಯಿಂದ ಮೂಲೆಗೆ. ನೆಟ್ ನಡುವೆ 34 ಇಂಚು, ಪಕ್ಕಗಳಲ್ಲಿ 36. ಮೂಲೆಯಿಂದ ಮೂಲೆಗೆ ಹಾಕುವಾಗ ಚೆಂಡು ನಡುವಿನ ತಗ್ಗಿನ ಮೇಲೆ ಹಾದು ಹೋಗಬೇಕು. ಆ ಎರಡು ಇಂಚು ಎಷ್ಟು ದೊಡ್ಡದು ಅಂತ ಆ ವಾರ ಅರ್ಥವಾಯಿತು.

ಎರಡನೇ ವಾರ ಇನ್ನೊಂದು ಸಮಸ್ಯೆ. ಜೋರು ಡ್ರೈವ್ ತಡೆಯುವಾಗ ಚೆಂಡು ಅಂಚಿನ ಹತ್ತಿರ ಬಿದ್ದರೆ ಪ್ಯಾಡಲ್ ಕೈಯಲ್ಲಿ ತಿರುಗುತ್ತಿತ್ತು. ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆ ಇರುವ ಜಾಗದಲ್ಲಿ, ಎರಡೂ ಅಂಚಿಗೆ ಮೂರು ಮೂರು ಗ್ರಾಂ ತೂಕದ ಟೇಪ್ ಅಂಟಿಸಿದೆ. ಒಟ್ಟು ತೂಕ 230 ಆಯಿತು, ತಿರುಗುವುದು ನಿಂತಿತು. ತಲೆಯ ತುದಿಗೆ ಅಂಟಿಸಿದ್ದರೆ ಹೊಡೆತಕ್ಕೆ ಜೋರು ಬರುತ್ತಿತ್ತು, ಬೀಸು ಭಾರವಾಗುತ್ತಿತ್ತು. ಟೇಪ್ ಮುಖದ ಕಡೆಗೆ ಅರ್ಧ ಇಂಚಿಗಿಂತ ಒಳಗೆ ಬರಬಾರದು ಅನ್ನುವ ನಿಯಮವನ್ನೂ ನೋಡಿಕೊಂಡೆ. ಅದಾದ ಮೇಲೆ ಮೂರು ವಾರ ಪ್ಯಾಡಲ್‌ಗೆ ಏನೂ ಮಾಡಲಿಲ್ಲ. ಓವರ್‌ಗ್ರಿಪ್ ಮಾತ್ರ ಟೂರ್ನಮೆಂಟಿನ ಹಿಂದಿನ ದಿನ ಹೊಸದು.

ಜೊತೆಗಾತಿ ತನ್ನ 14 ಮಿ.ಮೀ. ಬಿಡಲಿಲ್ಲ. ಅವಳೂ ಲೆಕ್ಕ ಬರೆಸಿದ್ದಳು. ಅವಳ ಕೈ ಮೊದಲಿಂದಲೂ ಮೆತ್ತಗೆ. ಅವಳು ಸೋಲುತ್ತಿದ್ದದ್ದು ಮೇಲೆ ಸಿಕ್ಕ ಚೆಂಡನ್ನು ಮುಗಿಸಲಾಗದೆ. ಅವಳಿಗೆ ಅದೇ ಸರಿ.

ಟೂರ್ನಮೆಂಟ್ ಜನವರಿಯ ಒಂದು ಭಾನುವಾರ. ಬೆಳಗ್ಗೆ ಏಳೂವರೆಗೆ ಬೆಂಗಳೂರಿನ ಚಳಿಯಲ್ಲಿ ಚೆಂಡು ಕಲ್ಲಿನ ಹಾಗೆ ಇತ್ತು. ಚಳಿಗೆ ಪ್ಲಾಸ್ಟಿಕ್ ಬಿಗಿಯಾಗುತ್ತದೆ, ತಗಲಿದ ಶಬ್ದವೇ ಬೇರೆ. ಮೊದಲ ಮ್ಯಾಚ್‌ನಲ್ಲಿ 4–7 ಹಿಂದೆ ಇದ್ದಾಗ ಎದುರಿನವರು ನನ್ನ ಎದೆಗೇ ಒಂದು ಡ್ರೈವ್ ಬಿಟ್ಟರು. ಪ್ಯಾಡಲ್ ಎದೆಯ ಮುಂದೆ ಇತ್ತು, ಅಷ್ಟೇ. ಹಿಡಿತ ಸಡಿಲ ಬಿಟ್ಟೆ. ಚೆಂಡು ಪ್ಯಾಡಲ್‌ಗೆ ತಗಲಿ, ಸುಮ್ನೆ ನೆಟ್ ದಾಟಿ, ಅವರ ಕಿಚನ್‌ನಲ್ಲಿ ಎರಡು ಸಲ ಪುಟಿಯಿತು. ಬೆಂಚಿನಿಂದ ಮಗಳು ಕಿರುಚಿದ್ದು ಕೇಳಿಸಿತು. ಆ ಗೇಮ್ 11–8ಕ್ಕೆ ಗೆದ್ದೆವು.

ಗುಂಪಿನ ಮೂರರಲ್ಲಿ ಎರಡು ಗೆದ್ದು ಕ್ವಾರ್ಟರ್ ಫೈನಲ್ ತನಕ ಹೋದೆವು. ಅಲ್ಲಿ 9–11ಕ್ಕೆ ಸೋತೆವು. ವಾಪಸ್ ಬರುವಾಗ ರೈಲಿನಲ್ಲಿ ಮಗಳು ನೋಟ್‌ಬುಕ್ ತೆಗೆದಳು. ನಾಲ್ಕು ಮ್ಯಾಚ್ ಸೇರಿ ಕಿಚನ್‌ನಲ್ಲಿ ಮೇಲೆದ್ದು ಹೋದದ್ದು 4. ಅಂಚಿಗೆ ತಗಲಿ ಹೋದದ್ದು 1. ಅವಳೇ ಒಂದು ಹೊಸ ಕಾಲಂ ಹಾಕಿದ್ದಳು, 'ತಲೆ ಮೇಲೆ' ಅಂತ. ಎದುರಿನವರು ಎತ್ತಿ ಹಾಕಿದ ಲಾಬ್‌ಗೆ ನಾನು ಹಿಂದೆ ಓಡಿ ತಲುಪದೆ ಹೋದದ್ದು, 11. ಈಗ ಸಂಜೆ ಹಾಲ್‌ಗೆ ಹೋದ ಕೂಡಲೇ ಜೊತೆಗಾತಿ ಇಪ್ಪತ್ತು ಲಾಬ್ ಹಾಕುತ್ತಾಳೆ. ನಾನು ಬಲಗಾಲು ಹಿಂದಿಟ್ಟು, ಪಕ್ಕಕ್ಕೆ ತಿರುಗಿ ಓಡುತ್ತೇನೆ.