ಹೊಸ ಊರಿಗೆ ಹೋದಾಗ ಅಲ್ಲಿನ ಬಾರು, ಕ್ರಾಫ್ಟ್ ಬಿಯರ್ ಸುತ್ತೋದು ಹೇಗೆ

ಎರಡು ಮೂರು ದಿನದ ಮಟ್ಟಿಗೆ ಒಂದು ಊರು ನೋಡೋಕೆ ಹೋಗಿ, ಎಲ್ಲಾ ಕಡೆ ಸಿಗೋ ಅದೇ ಬಾಟ್ಲಿ ಬಿಯರ್ ಕುಡಿದು ವಾಪಸ್ ಬರೋದ್ರಲ್ಲಿ ಅರ್ಥ ಇಲ್ಲ. ಕ್ರಾಫ್ಟ್ ಬಿಯರ್ ಅಂದ್ರೆ ಚಿಕ್ಕ ಬ್ರೂವರಿಗಳು (ಬಿಯರ್ ತಯಾರಿಸೋ ಜಾಗಗಳು) ತಮ್ಮದೇ ರೀತಿಯಲ್ಲಿ ಮಾಡೋ ಬಿಯರ್. ಬಿಯರ್ ಬಹುಪಾಲು ಸೊಪ್ಪು ಇದ್ದಂಗೆ, ಕಿತ್ತ ಊರಲ್ಲೇ ಅದರ ರುಚಿ. ಹಂಗಾಗಿ ನನ್ನ ಪ್ರಕಾರ ರೂಲು ಒಂದೇ: ಆ ಊರಲ್ಲೇ ಮಾಡಿದ್ದನ್ನ, ಚಿಕ್ಕ ಗ್ಲಾಸಲ್ಲಿ, ನಿಧಾನಕ್ಕೆ ಕುಡೀರಿ. ಉಳಿದಿದ್ದೆಲ್ಲಾ ಅದಕ್ಕೆ ಬೇಕಾದ ತಯಾರಿ ಅಷ್ಟೇ.

ಹೊರಡೋಕೆ ಮುಂಚೆ ಆ ಊರಿಗೆ ತನ್ನದೇ ಅಂತ ಒಂದು ಬಿಯರ್ ಇದ್ಯಾ ನೋಡ್ಕೊಳ್ಳಿ. ಎಷ್ಟೋ ಊರಿಗೆ ಇರತ್ತೆ. ಚೆಕ್ ದೇಶದ ಪಿಲ್ಸೆನ್‌ನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಅನ್ನೋರು ಮಾಡಿದ ಹೊಂಬಣ್ಣದ ಲಾಗರ್‌ನಿಂದಲೇ (ಲಾಗರ್ ಅಂದ್ರೆ ತಂಪಲ್ಲಿ ನಿಧಾನಕ್ಕೆ ಹುದುಗಿಸೋ ಬಿಯರ್) ಪಿಲ್ಸನರ್ ಅನ್ನೋ ಹೆಸರು ಬಂದಿದ್ದು, ಇವತ್ತು ಜಗತ್ತಲ್ಲಿ ಕುಡಿಯೋ ಬಿಯರಲ್ಲಿ ದೊಡ್ಡ ಪಾಲು ಅದರದ್ದೇ ವಂಶ. ಜರ್ಮನಿಯ ಬಾಂಬರ್ಗ್‌ನಲ್ಲಿ ಬೀಚ್ ಮರದ ಹೊಗೆಯಲ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸಿ ರೌಖ್‌ಬಿಯರ್ ಮಾಡ್ತಾರೆ, ಮೊದಲ ಗುಟುಕಿಗೆ ಬರೀ ಹೊಗೆ ಅನ್ಸತ್ತೆ, ಅರ್ಧ ಗ್ಲಾಸ್ ಆಗೋ ಹೊತ್ತಿಗೆ ಆ ಹೊಗೆ ಹಿಂದಿರೋ ಮಾಲ್ಟಿನ ಸಿಹಿ ನಾಲಿಗೆಗೆ ಸಿಗತ್ತೆ, ದಯವಿಟ್ಟು ಮೊದಲ ಗುಟುಕಿಗೇ ಗ್ಲಾಸ್ ಕೆಳಗಿಡ್ಬೇಡಿ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅಂತ ಇದೆ, ಅದಕ್ಕೆ ಯೀಸ್ಟ್ ಹಾಕೋದೇ ಇಲ್ಲ, ಚಳಿಗಾಲದಲ್ಲಿ ಧಾನ್ಯದ ರಸ ಕುದಿಸಿ ಅಗಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ರೆ ಅಲ್ಲಿರೋ ಯೀಸ್ಟು, ಬ್ಯಾಕ್ಟೀರಿಯಾ ತಾವೇ ಸೇರ್ಕೊಂಡು ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಹುದುಗತ್ತೆ. 1900ರಲ್ಲಿ ಶುರುವಾದ ಅಲ್ಲಿನ ಕ್ಯಾಂಟಿಯೋನ್ ಬ್ರೂವರಿ ಇವತ್ತಿಗೂ ಇದನ್ನೇ ಮಾಡತ್ತೆ. ಇಂಥ ಊರಿಗೆ ಹೋದ್ರೆ ಮೊದಲ ಗ್ಲಾಸು ಅದೇ ಆಗಿರಲಿ.

ಬಾರ್ ಆರಿಸೋವಾಗ ಊರಿಡೀ ಹರಡಿರೋ ಹತ್ತು ಹೆಸರು ಬರ್ಕೊಂಡು ಓಡಾಡ್ಬೇಡಿ. ಒಂದು ಏರಿಯಾ ಹಿಡೀರಿ, ನಡ್ಕೊಂಡು ಹೋಗೋ ದೂರದಲ್ಲಿರೋ ಎರಡು, ಹೆಚ್ಚಂದ್ರೆ ಮೂರು ಜಾಗ ಸಾಕು: ಅಲ್ಲೇ ಬಿಯರ್ ಮಾಡೋ ಒಂದು ಬ್ರೂವರಿ, ಊರಿನ ಜನ ಕೂರೋ ಒಂದು ಹಳೇ ಬಾರು, ಆಗೋದಾದ್ರೆ ಬೇರೆ ಬೇರೆ ಬ್ರೂವರಿಗಳ ಬಿಯರ್ ಇಟ್ಟಿರೋ ಇನ್ನೊಂದು. ಚಿಕ್ಕ ಬ್ರೂವರಿಗಳು ವಾರದ ಮೊದಲ ದಿನಗಳಲ್ಲಿ ಮುಚ್ಚಿರೋದು ಜಾಸ್ತಿ, ಟೈಮಿಂಗ್ ಮೊದಲೇ ನೋಡಿ. ಸಂಜೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಹೋದ್ರೆ ಇನ್ನೂ ಒಳ್ಳೇದು, ಕೌಂಟರಲ್ಲಿರೋರಿಗೆ ಮಾತಾಡೋಕೆ ಪುರುಸೊತ್ತಿರತ್ತೆ, ರಾತ್ರಿ ರಶ್ಶಲ್ಲಿ ಅದು ಸಿಗಲ್ಲ.

ಆ ಮಾತು ತುಂಬಾ ಮುಖ್ಯ. 'ಯಾವುದು ಚೆನ್ನಾಗಿದೆ' ಅಂತ ಕೇಳಿದ್ರೆ ಜಾಸ್ತಿ ಮಾರಾಟ ಆಗೋದನ್ನ ತೋರಿಸ್ತಾರೆ. ಅದರ ಬದಲು 'ಇಲ್ಲೇ ಮಾಡಿದ್ದು ಯಾವುದು, ಈ ವಾರ ಹೊಸ ಪೀಪಾಯಿ ಯಾವುದಕ್ಕೆ ಹಾಕಿದ್ರಿ, ಜಾಸ್ತಿ ಕಹಿ ನಂಗಾಗಲ್ಲ' ಅಂತ ಕೇಳಿ ನೋಡಿ, ಉತ್ತರನೇ ಬೇರೆ ಥರ ಬರತ್ತೆ. ಬೋರ್ಡಲ್ಲಿ ಎಬಿವಿ ಅಂದ್ರೆ ಆಲ್ಕೋಹಾಲ್ ಎಷ್ಟು ಪರ್ಸೆಂಟು, ಐಬಿಯು ಅಂದ್ರೆ ಹಾಪ್ಸಿನ (ಬಿಯರಿಗೆ ಕಹಿ, ಪರಿಮಳ ಕೊಡೋ ಹೂವು) ಕಹಿಯ ಅಳತೆ. ಆದ್ರೆ ಐಬಿಯು ಒಂದನ್ನೇ ನಂಬ್ಬೇಡಿ, ಮಾಲ್ಟ್ ಸಿಹಿ ಜಾಸ್ತಿ ಇರೋ ಸ್ಟೌಟಲ್ಲಿ (ಹುರಿದ ಧಾನ್ಯದ ಕಪ್ಪು ಬಿಯರ್) ಅದೇ ನಂಬರು ಅಷ್ಟು ಕಹಿ ಅನ್ಸಲ್ಲ. ಎಬಿವಿ ಮಾತ್ರ ಯಾವಾಗಲೂ ನೋಡಿ. 330 ಎಂಎಲ್ ಗ್ಲಾಸಲ್ಲಿ 5 ಪರ್ಸೆಂಟ್ ಬಿಯರ್ ಇದ್ರೆ ಸುಮಾರು 13 ಗ್ರಾಂ ಆಲ್ಕೋಹಾಲ್, ಅದೇ ಗ್ಲಾಸಲ್ಲಿ 10 ಪರ್ಸೆಂಟಿನ ಇಂಪೀರಿಯಲ್ ಸ್ಟೌಟ್ ಇದ್ರೆ 26 ಗ್ರಾಂ. ಕಣ್ಣಿಗೆ ಒಂದೇ ಗ್ಲಾಸು, ಹೊಟ್ಟೆಗೆ ಎರಡು. ಅದಕ್ಕೇ ಫ್ಲೈಟ್ ಅಥವಾ ಸ್ಯಾಂಪ್ಲರ್ ಅಂತ ನಾಲ್ಕೈದು ಪುಟ್ಟ ಗ್ಲಾಸಿನ ಸೆಟ್ ಸಿಕ್ರೆ ಅದನ್ನೇ ತಗೊಳ್ಳಿ, ಬೇಕಿದ್ರೆ ಇಬ್ಬರು ಹಂಚ್ಕೊಳ್ಳಿ. ಲೈಟ್ ಲಾಗರ್, ಗೋಧಿ ಬಿಯರಿಂದ ಶುರು ಮಾಡಿ, ಆಮೇಲೆ ಹಾಪ್ಸ್ ಜಾಸ್ತಿ ಇರೋ ಕಹಿಯ ಐಪಿಎ (ಇಂಡಿಯಾ ಪೇಲ್ ಏಲ್), ಕೊನೇಲಿ ಸ್ಟ್ರಾಂಗು. ಉಲ್ಟಾ ಮಾಡಿದ್ರೆ ಲಾಗರ್ ನೀರು ಅನ್ಸತ್ತೆ, ಪಾಪ ಅದರ ತಪ್ಪಲ್ಲ.

ಗ್ಲಾಸ್ ಕೈಗೆ ಬಂದ ತಕ್ಷಣ ಎತ್ಬೇಡಿ, ಸ್ವಲ್ಪ ನೋಡಿ. ಗುಳ್ಳೆ ಒಳಗೋಡೆಗೆ ಗುಂಪು ಗುಂಪಾಗಿ ಅಂಟ್ಕೊಂಡಿದ್ರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ ಅಂತ. ಕ್ಲೀನ್ ಇದ್ರೆ ಪ್ರತಿ ಗುಟುಕಿಗೂ ನೊರೆ ಬಳೆ ಬಳೆಯಾಗಿ ಗೋಡೆಗೆ ಉಳ್ಕೊಳ್ಳತ್ತೆ. ಆಮೇಲೆ ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಬಂದ್ರೆ ಬಿಯರ್ ಹಳೇದು. ಹುಳಿ ಬಿಯರ್ ಅಲ್ಲದ್ದರಲ್ಲಿ ವಿನೆಗರ್ ಥರ ಹುಳಿ ಬಂದ್ರೆ ಬಹುಶಃ ಪೈಪ್ ಕ್ಲೀನ್ ಮಾಡಿಲ್ಲ. ಇಂಥದ್ದು ಸಿಕ್ರೆ ಸಮಾಧಾನವಾಗಿ ಹೇಳಿ, ಒಳ್ಳೆ ಬಾರಲ್ಲಿ ಬದಲಾಯಿಸಿ ಕೊಡ್ತಾರೆ. ಆದ್ರೆ ಇಂಗ್ಲೆಂಡಿನ ಪಬ್ಬಲ್ಲಿ ಕಾಸ್ಕ್ ಏಲ್ (ಪೀಪಾಯಿಯಲ್ಲೇ ಹುದುಗಿ, ಅದರಿಂದಲೇ ನೇರ ಬಗ್ಗಿಸಿ ಕೊಡೋ ಬಿಯರ್) ತಗೊಂಡು ತಣ್ಣಗಿಲ್ಲ ಅಂತ ವಾಪಸ್ ಕೊಡ್ಬೇಡಿ, ಅದನ್ನ 11ರಿಂದ 13 ಡಿಗ್ರಿಯಲ್ಲೇ ಕೊಡೋದು, ಜಾಸ್ತಿ ತಣ್ಣಗಾದ್ರೆ ಅದರ ಪರಿಮಳನೇ ಹೊರಗೆ ಬರಲ್ಲ.

ಪ್ರತಿ ಊರಿಗೂ ಕುಡಿಯೋ ರೀತಿ ಅಂತ ಒಂದಿರತ್ತೆ, ಪಕ್ಕದ ಟೇಬಲ್ ನೋಡಿ ಕಲೀರಿ. ಜರ್ಮನಿಯ ಕಲೋನ್‌ನಲ್ಲಿ ಕೋಲ್ಶ್ ಬಿಯರನ್ನ 200 ಎಂಎಲ್ ಉದ್ದ ಗ್ಲಾಸಲ್ಲಿ ಕೊಡ್ತಾರೆ, ಖಾಲಿಯಾದ್ರೆ ನೀವು ಕೇಳದೇನೇ ಇನ್ನೊಂದು ಬಂದು ಕೂರತ್ತೆ, ಸಾಕು ಅಂದ್ರೆ ಗ್ಲಾಸ್ ಮೇಲೆ ಕೋಸ್ಟರ್ (ಗ್ಲಾಸ್ ಕೆಳಗಿಡೋ ರಟ್ಟು) ಮುಚ್ಚಿಡ್ಬೇಕು. ಗೊತ್ತಿಲ್ದೇ ಹೋದ್ರೆ ಲೆಕ್ಕ ತಪ್ಪೋದು ಗ್ಯಾರಂಟಿ.

ಖಾಲಿ ಹೊಟ್ಟೇಲಿ ಶುರು ಮಾಡ್ಬೇಡಿ, ಎರಡು ಬಿಯರ್ ನಡುವೆ ಒಂದು ಗ್ಲಾಸ್ ನೀರು ಕುಡೀರಿ, ರೂಮಿಗೆ ವಾಪಸ್ ಹೋಗೋ ಕೊನೇ ಟ್ರೈನು ಬಸ್ಸು ಎಷ್ಟೊತ್ತಿಗೆ ಅಂತ ಮೊದಲೇ ನೋಡಿಟ್ಕೊಳ್ಳಿ, ಗಾಡಿ ಓಡಿಸೋ ಮಾತೇ ಬೇಡ. ಕುಡಿಯದ ಸ್ನೇಹಿತರು ಜೊತೆಗಿದ್ರೆ ಆಲ್ಕೋಹಾಲ್ ಇಲ್ಲದ ಬಿಯರ್ ಇದ್ಯಾ ಕೇಳಿ, ಈಗ ಅದ್ರಲ್ಲೂ ಒಳ್ಳೊಳ್ಳೇವು ಬಂದಿವೆ.

ಇಷ್ಟ ಆಗಿದ್ದನ್ನ ಮನೆಗೆ ತರೋದಾದ್ರೆ ಕ್ಯಾನ್ ತಗೊಳ್ಳಿ. ಬೆಳಕು ಬಿದ್ರೆ ಹಾಪ್ಸಿನ ಅಂಶ ಕೆಟ್ಟು ನಾತ ಬರತ್ತೆ, ಹಸಿರು ಬಾಟ್ಲಿ, ಬಣ್ಣ ಇಲ್ಲದ ಗಾಜಿನ ಬಾಟ್ಲಿ ಅದನ್ನ ಅಷ್ಟಾಗಿ ತಡೆಯಲ್ಲ, ಕಂದು ಬಾಟ್ಲಿ ಪರವಾಗಿಲ್ಲ. ಐಪಿಎ ಆದ್ರೆ ಕ್ಯಾನ್ ತುಂಬಿದ ಡೇಟ್ ನೋಡಿ ತಗೊಂಡು, ಮನೆಗೆ ಬಂದ ತಕ್ಷಣ ಫ್ರಿಡ್ಜಲ್ಲಿಟ್ಟು ಕೆಲವೇ ವಾರದಲ್ಲಿ ಕುಡಿದು ಮುಗಿಸಿ. ಸ್ಟ್ರಾಂಗ್ ಸ್ಟೌಟು, ಲ್ಯಾಂಬಿಕ್ ಆದ್ರೆ ಆತುರ ಇಲ್ಲ, ಕತ್ತಲೆಯ ತಂಪು ಜಾಗದಲ್ಲಿಟ್ರೆ ವರ್ಷ ಕಳೆದ್ರೂ ಚೆನ್ನಾಗಿರತ್ತೆ.