ಗ್ರೈಂಡರ್ ಗೀರು ಹಾಗೇ ಇತ್ತು

ಹದಿನಾರು ವರ್ಷದ ಹಿಂದೆ ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ವೆಲ್ಡರ್. ನನ್ನ ಕೆಲಸ ನೋಡೋಕೆ ಪಕ್ಕದ ಶೆಡ್ಡಿನ ಹುಡುಗರು ಬರುತ್ತಿದ್ದರು, ಉತ್ಪ್ರೇಕ್ಷೆ ಅಲ್ಲ. ಸಿಒಟು ಮಷೀನಿನಲ್ಲಿ (ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಮರೆಯಲ್ಲಿ ವೈರ್ ಕರಗಿಸಿ ಬೆಸೆಯೋದು) ಎಳೆದ ಕ್ಯಾಪಿಂಗ್, ಅಂದರೆ ಮೇಲಿನ ಕೊನೇ ಪದರ, ಜಡೆ ಹೆಣೆದ ಹಾಗೆ ಕೂರುತ್ತಿತ್ತು. ಅಂಡರ್‌ಕಟ್ (ಅಂಚಿನ ಕೊರೆತ) ಇಲ್ಲ, ಸ್ಪ್ಯಾಟರ್ (ಸಿಡಿದು ಅಂಟುವ ಹನಿ) ಕಮ್ಮಿ, ಅಗಲ ಮೊದಲಿಂದ ಕೊನೆತನಕ ಒಂದೇ ಅಳತೆ. ಐಟಿಐ ಮುಗಿಸಿ ನಾಲ್ಕು ವರ್ಷ ಆಗಿತ್ತಷ್ಟೇ. ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು.

ಆಗ 12 ಮಿಮೀ ಪ್ಲೇಟಿನ ಒಂದು ಟ್ಯಾಂಕ್ ಕಟ್ಟುತ್ತಿದ್ದೆವು. ನಿಯಮದ ಪ್ರಕಾರ ವೆಲ್ಡರ್ ಟೆಸ್ಟ್ ಮೊದಲು, ಕೆಲಸ ಆಮೇಲೆ. ನಮ್ಮಲ್ಲಿ ಕೆಲಸ ಮೊದಲು, ಕಾಗದ ಆಮೇಲೆ. ನಿಲುವು ಜಾಯಿಂಟುಗಳು ಅರ್ಧ ಮುಗಿದಿದ್ದಾಗ ಪಾರ್ಟಿ ಕಡೆಯ ಇನ್‌ಸ್ಪೆಕ್ಟರ್ ಬಂದು "ಟೆಸ್ಟ್ ಪ್ಲೇಟ್ ಎಲ್ಲಿ?" ಅಂದರು. ಮಾರನೇ ದಿನವೇ ಅವರ ಎದುರು ಎರಡು ತುಂಡು ನಿಲ್ಲಿಸಿ, ಟ್ಯಾಂಕಿಗೆ ಹೇಗೆ ಮಾಡುತ್ತಿದ್ದೆನೋ ಹಾಗೇ, ಮೇಲಿಂದ ಕೆಳಕ್ಕೆ ಎಳೆದೆ. ಇಳಿಸಿಕೊಂಡು ಹೋದರೆ ಬೇಗ ಆಗುತ್ತೆ, ನೋಡೋಕೂ ನಯ. ಅವರು ಟಾರ್ಚ್ ಹಿಡಿದು ನೋಡಿ, ಗೇಜ್ ಇಟ್ಟು, ತಲೆಯಾಡಿಸಿದರು. ನಾನು ಚಹಾ ತರಿಸಿದೆ.

ಆಮೇಲೆ ಬೆಂಡ್ ಟೆಸ್ಟ್. ವೆಲ್ಡಿಗೆ ಅಡ್ಡವಾಗಿ 10 ಮಿಮೀ ಪಟ್ಟಿಗಳನ್ನು ಕೊಯ್ದು, ಕೊಯ್ದ ಮುಖ ಹೊರಗೆ ಬರೋ ಹಾಗೆ ಪ್ರೆಸ್ಸಿನಲ್ಲಿ ಇಟ್ಟು 'ಯು' ಆಕಾರಕ್ಕೆ ಬಗ್ಗಿಸೋದು. ಹೊರಮುಖದಲ್ಲಿ 3 ಮಿಮೀಗಿಂತ ದೊಡ್ಡ ಬಾಯಿ ಬಿಟ್ಟರೆ ಫೇಲು. ನನ್ನ ಮೊದಲ ಪಟ್ಟಿ ಅರ್ಧ ಬಗ್ಗುವ ಹೊತ್ತಿಗೆ ಟಕ್ ಅಂತ ಒಂದು ಸದ್ದು. ವೆಲ್ಡು ಪ್ಲೇಟನ್ನು ಸೇರುವ ಗೆರೆಯಲ್ಲಿ ಬಾಯಿ ತೆರೆದಿತ್ತು. ಇನ್‌ಸ್ಪೆಕ್ಟರ್ ಏನೂ ಅನ್ನಲಿಲ್ಲ, ಟಾರ್ಚ್ ನನ್ನ ಕೈಗೆ ಕೊಟ್ಟರು. ಒಳಗೆ ಬೆಳಕು ಬಿಟ್ಟು ನೋಡಿದೆ. ಬೆವೆಲ್, ಅಂದರೆ ವೆಲ್ಡಿಗೆ ಅಂತ ಓರೆಯಾಗಿ ಕೊಯ್ದ ಪ್ಲೇಟಿನ ಅಂಚು, ಅದರ ಮುಖದ ಮೇಲೆ ನಾನೇ ಗ್ರೈಂಡರ್ ಹಿಡಿದು ಉಜ್ಜಿದ ಓರೆ ಗೀರುಗಳು ಒಂದೂ ಅಳಿಸದೆ ಹಾಗೇ ಕೂತಿದ್ದವು. ಅಷ್ಟು ಲೋಹ ಕರಗಿಸಿ ಸುರಿದಿದ್ದೇನೆ, ಪ್ಲೇಟ್ ಮಾತ್ರ ಕರಗಿಯೇ ಇಲ್ಲ. ನೀರು ಹೊಡೆಯದ ಒಣ ಗೋಡೆಗೆ ಗಾರೆ ಮೆತ್ತಿದ ಹಾಗೆ. ಕೂತಿರುತ್ತೆ, ಹಿಡಿದಿರಲ್ಲ.

ಇದಕ್ಕೆ ಲ್ಯಾಕ್ ಆಫ್ ಫ್ಯೂಷನ್ ಅಂತಾರೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮಷೀನ್ 19 ವೋಲ್ಟಿನ ಆಸುಪಾಸಿನಲ್ಲಿತ್ತು. ಅಷ್ಟು ಕಮ್ಮಿ ಇಟ್ಟರೆ ವೈರ್ ತುದಿ ಕರಗಿದ ಕೊಳಕ್ಕೆ ತಾಗಿ ತಾಗಿ ಬಿಡುತ್ತೆ, ಶಾರ್ಟ್ ಸರ್ಕ್ಯೂಟ್ ಆಗುತ್ತಲೇ ಇರುತ್ತೆ. ತೆಳು ಶೀಟಿಗೆ ಅದು ವರ. 12 ಮಿಮೀ ಪ್ಲೇಟಿಗೆ ಆ ಕಾವು ಎಲ್ಲೂ ಸಾಲದು. ಜೊತೆಗೆ ನಾನು ಕೆಳಕ್ಕೆ ಎಳೆಯುತ್ತಿದ್ದರಿಂದ ಕರಗಿದ ಲೋಹ ಆರ್ಕಿಗಿಂತ, ಅಂದರೆ ವೈರ್ ತುದಿಯ ವಿದ್ಯುತ್ ಜ್ವಾಲೆಗಿಂತ, ಮುಂದೆ ಹರಿದು ಹಾಸಿಕೊಳ್ಳುತ್ತಿತ್ತು. ಆರ್ಕ್ ಹೊಡೆಯುತ್ತಿದ್ದದ್ದು ಆ ಹಾಸಿಗೆಗೆ, ಪ್ಲೇಟಿಗಲ್ಲ. ಶಾರ್ಟ್ ಸರ್ಕ್ಯೂಟ್ ರೀತಿಯ ಎಂಐಜಿಯಲ್ಲಿ (ನಮ್ಮ ಸಿಒಟು ಅದರದ್ದೇ ಒಂದು ಬಗೆ) ವೆಲ್ಡರನ್ನು ಬರೀ ಎಕ್ಸ್‌ರೇ ನೋಡಿ ಪಾಸು ಮಾಡಬಾರದು, ಬಗ್ಗಿಸಿಯೇ ನೋಡಬೇಕು ಅಂತ ಎಎಸ್‌ಎಂಇ ಅನ್ನೋ ಅಮೆರಿಕದ ಸಂಸ್ಥೆಯ ಕೋಡಿನ ಸೆಕ್ಷನ್ 9 ಇಟ್ಟಿರೋ ನಿಯಮ ಆವತ್ತು ನನಗೆ ಸರಿಯಾಗಿ ಅರ್ಥ ಆಯಿತು.

ಯಾಕೆಂದರೆ ಟ್ಯಾಂಕಿನ ಜಾಯಿಂಟುಗಳ ಎಕ್ಸ್‌ರೇ ಆಗಲೇ ಪಾಸಾಗಿತ್ತು! ಎಕ್ಸ್‌ರೇ ಅನ್ನೋದು ಬಾಯಿಮಾತು, ಅದರಲ್ಲಿ ಇರೋದು ಇರಿಡಿಯಂ 192ರ ಗಾಮಾ ಕಿರಣ, 74 ದಿನಕ್ಕೆ ಶಕ್ತಿ ಅರ್ಧಕ್ಕೆ ಇಳಿಯುವ ಮೂಲ. ರಾತ್ರಿ ಎಲ್ಲರನ್ನೂ ಆಚೆ ಕಳಿಸಿ, ಹಗ್ಗ ಕಟ್ಟಿ ತೆಗೆಯುತ್ತಾರೆ. ಫಿಲ್ಮಿನಲ್ಲಿ ಗಾಳಿಗುಳ್ಳೆ ಕರಿ ಚುಕ್ಕೆಯಾಗಿ, ಸಿಕ್ಕಿಬಿದ್ದ ಸ್ಲ್ಯಾಗ್ (ವೆಲ್ಡಿನ ಕಿಟ್ಟ) ಅಂಕುಡೊಂಕು ಕರಿ ಎಳೆಯಾಗಿ, ರೂಟ್, ಅಂದರೆ ಜಾಯಿಂಟಿನ ತಳ, ತುಂಬದೇ ಇದ್ದರೆ ನಡುವೆ ನೇರ ಕರಿ ಗೆರೆಯಾಗಿ ಬರುತ್ತೆ. ಅಂಟದೇ ಉಳಿದ ಪದರ ಮಾತ್ರ ಕಾಗದದಷ್ಟು ತೆಳು, ಅದೂ ಬೆವೆಲ್ ಜೊತೆ 30 ಡಿಗ್ರಿ ಓರೆ. ನೇರ ಬಂದ ಕಿರಣಕ್ಕೆ ಅದು ಸಿಕ್ಕೋದೇ ಕಷ್ಟ. ಬಾಗಿಲ ಸಂದಿಯನ್ನು ಓರೆಯಿಂದ ನೋಡಿದರೆ ಆಚೆಯ ಬೆಳಕು ಕಾಣಲ್ಲವಲ್ಲ, ಹಾಗೆ.

ಬೆಂಡ್ ಫೇಲಾದ ಸಂಜೆ ನನ್ನ ಮುಂದೆ ಎರಡು ದಾರಿ ಇತ್ತು. ಇನ್ನೊಂದು ಪ್ಲೇಟ್ ಚೆನ್ನಾಗಿ ಮಾಡಿ ಪಾಸಾಗಿ ಸುಮ್ಮನಿರೋದು ಒಂದು. ಟ್ಯಾಂಕಿನಲ್ಲೂ ಇದೇ ಕೈ, ಇದೇ ಸೆಟ್ಟಿಂಗ್ ಅಂತ ಹೇಳೋದು ಇನ್ನೊಂದು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋರ್‌ಮನ್ ಹತ್ತಿರ ಹೋಗಿ ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಆದರೂ ಅಲ್ಟ್ರಾಸಾನಿಕ್‌ನವರನ್ನು ಕರೆಸಿದರು. ಆ ಟೆಕ್ನಿಷಿಯನ್ ಗ್ರೀಸ್ ಬಳಿದು, ಹೆಬ್ಬೆರಳಿನಷ್ಟು ಪ್ರೋಬ್ ಹಿಡಿದು ವೆಲ್ಡಿನ ಪಕ್ಕ ಹಿಂದೆ ಮುಂದೆ ಆಡಿಸಿದರು. 60 ಡಿಗ್ರಿ ಪ್ರೋಬು. ಬೆವೆಲ್ 30 ಡಿಗ್ರಿ ಓರೆ ಇದ್ದರೆ ಅದರ ಮುಖಕ್ಕೆ ಸದ್ದಿನ ಅಲೆ ನೆಟ್ಟಗೆ ಬಡಿಯೋದು ಇದರಿಂದಲೇ. ಫಿಲ್ಮಿನಲ್ಲಿ ಕಾಣದ್ದು ಸ್ಕ್ರೀನಿನಲ್ಲಿ ಕಂಬದ ಹಾಗೆ ಎದ್ದು ನಿಂತಿತು. ಅವರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರು, ನಾನು ಹಿಂದೆ ಹಿಂದೆ ಗೌಜಿಂಗ್ ಮಾಡುತ್ತ ಹೋದೆ. ಕಾರ್ಬನ್ ರಾಡಿನಿಂದ ಕರಗಿಸಿ ಗಾಳಿಯಲ್ಲಿ ಊದಿ ತೆಗೆಯೋ ಕೆಲಸ ಅದು. ಕಿವಿ ಗುಂಯ್ ಅನ್ನುತ್ತೆ, ಬೆಂಕಿ ಕಿಡಿ ಕಾಲರ್ ಒಳಗೆ ಬೀಳುತ್ತೆ. ನನ್ನ ಚೆಂದದ ಜಡೆಗಳನ್ನು ನಾನೇ ಕಿತ್ತೆ. ಮೂರು ದಿನ ಹಿಡಿಯಿತು.

ಅಲ್ಲಿಂದೀಚೆಗೆ ದಪ್ಪ ಪ್ಲೇಟು ಲಂಬವಾಗಿ ನಿಂತಿದ್ದರೆ ನಾನು ಕೆಳಗಿಂದ ಮೇಲಕ್ಕೇ ಹತ್ತೋದು, ಅದೂ 7018 ಅನ್ನೋ ಲೇಪ ಹಚ್ಚಿದ ವೆಲ್ಡಿಂಗ್ ರಾಡಿನಲ್ಲಿ. ಎರಡೂ ಅಂಚಿನಲ್ಲಿ ಒಂದು ಕ್ಷಣ ನಿಲ್ಲಿಸಿ, ಅಂಚು ಕರಗಿ ತುಂಬಿದ್ದನ್ನು ಕಣ್ಣಾರೆ ನೋಡಿ, ನಡುವೆ ಬೇಗ ದಾಟಬೇಕು. ಕ್ಯಾಪಿಂಗ್ ಮೊದಲಿನಷ್ಟು ನಯ ಬರಲ್ಲ. ಬೇಡ ಬಿಡಿ.

7018 ಅಂದೆನಲ್ಲ, ಅದರದ್ದು ಬೇರೆ ಕಥೆ. ಮಳೆಗಾಲದಲ್ಲಿ ಮಂಗಳೂರು ಕಡೆ ಒಂದು ಪೈಪ್‌ಲೈನ್ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಹಪ್ಪಳವೇ ಗಳಿಗೆಯಲ್ಲಿ ಮೆತ್ತಗಾಗುತ್ತೆ, ರಾಡಿನ ಲೇಪ ಬಿಟ್ಟೀತೇ? ಲೇಪ ತೇವ ಹೀರಿದರೆ ಅದರ ಹೈಡ್ರೋಜನ್ ಲೋಹದೊಳಗೆ ಇಳಿಯುತ್ತೆ. ದಪ್ಪ, ಗಡಸು ಉಕ್ಕಾದರೆ ವೆಲ್ಡ್ ತಣ್ಣಗಾದ ಮೇಲೆ ಒಳಗೇ ಬಿರುಕು ಹುಟ್ಟಬಹುದು, ಎರಡು ದಿನ ಬಿಟ್ಟು ಕೂಡ. ಅದಕ್ಕೇ ಅಂಥ ಜಾಯಿಂಟುಗಳ ಟೆಸ್ಟ್ 48 ಗಂಟೆ ಕಾದು ಮಾಡೋದು. ರಾಡುಗಳನ್ನು 300ರಿಂದ 350 ಡಿಗ್ರಿಯಲ್ಲಿ ಗಂಟೆ ಎರಡು ಗಂಟೆ ಬೇಯಿಸಿ, ಬಿಸಿ ಡಬ್ಬಿಯಲ್ಲಿ ಸೈಟಿಗೆ ಒಯ್ಯಬೇಕು. ಆಚೆ ತೆಗೆದ ರಾಡು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ನಾನು ಅಲ್ಲಿ ಓವನ್ ಬಾಗಿಲು ತೆರೆದಾಗ ಒಳಗೆ ಇದ್ದದ್ದು ಎರಡು ಜೊತೆ ಒದ್ದೆ ಗ್ಲೌಸು, ಯಾರದ್ದೋ ಉಪ್ಪಿಟ್ಟಿನ ಡಬ್ಬಿ. ರಾಡಿನ ಪ್ಯಾಕೆಟ್ಟು ಹೊರಗೆ ಬೆಂಚಿನ ಕೆಳಗಿತ್ತು. ಆ ವಾರದ ವೆಲ್ಡುಗಳ ಶುರುವಿನಲ್ಲೆಲ್ಲ ಗಾಳಿಗುಳ್ಳೆ. ಉಪ್ಪಿಟ್ಟು ಬಿಸಿಯಾಗಿತ್ತು.

ಈಗ ನಾನು ಇನ್‌ಸ್ಪೆಕ್ಷನ್ ಕಡೆ ಇದ್ದೇನೆ. ಮೆಷೀನಿಗಿಂತ ಮೊದಲು ಕಣ್ಣು, ಅದೂ ವೆಲ್ಡ್ ಆಗೋಕೆ ಮೊದಲೇ. ಗ್ಯಾಪ್ ಎಷ್ಟಿದೆ, ಬೆವೆಲ್ ಮೇಲೆ ಎಣ್ಣೆ ತುಕ್ಕು ಇದೆಯಾ, ಸಿಒಟು ಪಕ್ಕ ಯಾರಾದರೂ ಸೆಖೆ ಅಂತ ಫ್ಯಾನ್ ಇಟ್ಟಿದ್ದಾರಾ. ಗ್ಯಾಸ್ ಹಾರಿಹೋದರೆ ವೆಲ್ಡ್ ಜೇನುಗೂಡಾಗುತ್ತೆ. ಇಷ್ಟು ನೋಡಿದರೆ ರಿಪೇರಿಯ ಬಹುಪಾಲು ಅಲ್ಲೇ ತಪ್ಪುತ್ತೆ ಅನ್ನೋದು ನನ್ನ ಲೆಕ್ಕ.

ಡಿಪಿ ಟೆಸ್ಟ್, ಅಂದರೆ ಬಣ್ಣ ಇಳಿಸಿ ಮೇಲ್ಮೈ ಬಿರುಕು ಹುಡುಕೋದು, ನನಗೆ ತುಂಬಾ ಇಷ್ಟ. ಒರೆಸಿ, ಕೆಂಪು ಬಣ್ಣ ಸಿಂಪಡಿಸಿ, ಹತ್ತು ನಿಮಿಷ ಕಾಯಬೇಕು. ಹುಡುಗರು ಕಾಯಲ್ಲ, ಅದೇ ತೊಂದರೆ. ಆಮೇಲೆ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು. ವೆಲ್ಡಿನ ಮೇಲೇ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತೆ. ಬಿಳಿ ಡೆವಲಪರ್ ಒಣಗುತ್ತ ಬಂದ ಹಾಗೆ, ಆರ್ಕ್ ನಿಲ್ಲಿಸಿದ ಗುಂಡಿಯಲ್ಲಿ ನಕ್ಷತ್ರದ ಹಾಗೆ ಒಂದು ಕೆಂಪು ಗೆರೆ ಮೆಲ್ಲಗೆ ಒಸರುತ್ತೆ. ಕ್ರೇಟರ್ ತುಂಬದೆ ಕೈ ಎತ್ತಿದ್ದರ ಗುರುತು. ಬಳ್ಳಾರಿ ಕಡೆ ಏಪ್ರಿಲ್ ಮಧ್ಯಾಹ್ನ ಈ ಟೆಸ್ಟ್ ಇಟ್ಟುಕೊಳ್ಳಬೇಡಿ. ಮಾಮೂಲಿ ವಿಧಾನಕ್ಕೆ ಪ್ಲೇಟು 52 ಡಿಗ್ರಿ ಒಳಗಿರಬೇಕು. ಬಿಸಿಲಿಗೆ ಕಾದ ಪ್ಲೇಟಿನ ಮೇಲೆ ಬಣ್ಣ ಇಳಿಯೋ ಮೊದಲೇ ಒಣಗುತ್ತೆ.

ಹೊಸ ಹುಡುಗರಿಗೆ ಮಾತ್ರ ಮೊದಲ ವಾರ ಇದ್ಯಾವುದೂ ಇಲ್ಲ. ಎರಡು ಪಟ್ಟಿ 'ಟಿ' ಆಕಾರಕ್ಕೆ ನಿಲ್ಲಿಸಿ ಒಂದೇ ಪಕ್ಕ ಫಿಲೆಟ್ (ಮೂಲೆಯ ವೆಲ್ಡ್) ಹಾಕಿಸುತ್ತೇನೆ. ನಿಂತ ಪಟ್ಟಿಯನ್ನು ಆಚೆ ಪಕ್ಕದಿಂದ ಸುತ್ತಿಗೆಯಲ್ಲಿ ಹೊಡೆದು ವೆಲ್ಡಿನ ಮೇಲೇ ಮಡಚಬೇಕು. ಒಡೆದರೆ ರೂಟ್ ಕರಗಿದೆಯೋ ಇಲ್ಲವೋ ಅವರೇ ನೋಡಿಕೊಳ್ಳುತ್ತಾರೆ, ನಾನು ಬಾಯಿ ಬಿಡೋದೇ ಬೇಡ. ಕಳೆದ ತಿಂಗಳು ಒಬ್ಬ ಹುಡುಗನ ತುಂಡು ಮೂರು ಸಲ ಪಟಾರನೆ ಒಡೆಯಿತು. ನಾಲ್ಕನೆಯದು ಪೂರ್ತಿ ಮಡಚಿ ಕೆಳಗಿನ ಪಟ್ಟಿಗೆ ಅಂಟಿತು, ಒಡೆಯಲಿಲ್ಲ. ಅವನಿಗೆ ನಂಬಿಕೆ ಬರದೆ ಇನ್ನೊಂದು ಏಟು ಹಾಕಿದ. ಸುತ್ತಿಗೆಯ ಹಿಡಿ ಮುರಿಯಿತು.